ಜೋಡಿ ಹಲಸಿನ ತೋಪು: ಒಂಬತ್ತನೇ ಕಂತು

ಹುಣಸೆಕಟ್ಟೆ ಜೈಲು ತೋಟದ ಗೇಟಿನ ಪಕ್ಕದ ಮಳಿಗೆಯಲ್ಲಿ ಅವತ್ತಿನ ದರ ಹೀಗಿತ್ತು. ಬದನೆಕಾಯಿ ಕಿಲೋಗೆ ಮೂವತ್ತು. ಹಾಲು ಲೀಟರಿಗೆ ನಲವತ್ತೆಂಟು. ಹಲಸಿನ ಹಣ್ಣು, ಇಡಿಯಾಗಿ ಕೊಂಡರೆ, ಇನ್ನೂರೈವತ್ತು.

ಬೋರ್ಡಿನಲ್ಲಿ ಬರೆಯದ ದರಗಳೂ ಇದ್ದವು. ಆ ಹಲಸು ನಿಂತ ನೆಲಕ್ಕೆ ಎಕರೆಗೆ ಹದಿನಾಲ್ಕು ಕೋಟಿ. ಆ ನೆಲದ ವಿಷಯದಲ್ಲಿ ನಿಜ ಹೇಳಬಲ್ಲ ಮುದುಕನ ಹೆಣವನ್ನು ಬಾವಿಯಿಂದ ಎತ್ತಿದವನಿಗೆ ಐನೂರು ರೂಪಾಯಿ, ಒಂದು ಟೀ, ಎರಡು ಬನ್ನು. ಆ ಮುದುಕನನ್ನು ಕೊಂದವನು ಇವನೇ ಎಂದು ಒಬ್ಬ ಕೈದಿಯ ಹೆಸರು ಬರೆಯಲು ಒಂದು ಹಾಳೆ ಕಾಗದ.

ಎಲ್ಲಕ್ಕಿಂತ ಅಗ್ಗವಾದದ್ದು ಆ ಕಾಗದವೇ ಎಂದುಕೊಂಡಳು ದಾಕ್ಷಾಯಣಿ.

ಇದೇ ಮಳಿಗೆಯಲ್ಲಿ ಅವಳು ಹನ್ನೊಂದು ವರ್ಷ ಖಾಕಿ ಸೀರೆ ಉಟ್ಟು ಕೂತು, ಕೈದಿಗಳು ಬೆಳೆದ ತರಕಾರಿಯನ್ನು ತೂಗಿ ಕೊಟ್ಟಿದ್ದಳು. ಮುಖ್ಯ ವಾರ್ಡರ್ ಆಗಿ ನಿವೃತ್ತಳಾದ ಮೇಲೆ ಮತ್ತಿಕೆರೆಯಲ್ಲಿ ಮನೆಯ ಮೇಲಿನ ಎರಡು ಕೋಣೆಗಳನ್ನು ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಟ್ಟುಕೊಂಡಿದ್ದಳು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಟೊಮೇಟೊ ಹಿಸುಕುವ ಬೆರಳು ನೋಡಿ, ಆ ಮನುಷ್ಯ ಮನೆಯಲ್ಲಿ ಹೆಂಡತಿಯನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂದು ಹೇಳಬಲ್ಲಳು.

ತೋಟದ ಹಳೇ ಮೇಸ್ತ್ರಿ ಪಿಳ್ಳಪ್ಪ, ವಯಸ್ಸು ಎಂಬತ್ತೊಂದು, ಬುಧವಾರ ಬೆಳಗ್ಗೆ ತೋಪಿನ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಸತ್ತದ್ದು ಮಂಗಳವಾರ ಸಂಜೆ ಆರರ ಸುಮಾರಿಗೆ. ತಲೆಯ ಹಿಂಭಾಗಕ್ಕೆ ಏಟು ಬಿದ್ದಿತ್ತು. ಬಾವಿಕಟ್ಟೆಯ ಮೇಲೆ ಇದ್ದದ್ದು ಕೈದಿ ಬ್ಯಾಟರಾಯಪ್ಪನ ಕುಡುಗೋಲು. ಹದಿನಾರು ವರ್ಷ ಶಿಕ್ಷೆ ಕಳೆದ ಬ್ಯಾಟರಾಯಪ್ಪನ ಹೆಸರು ಬಿಡುಗಡೆಯ ಪಟ್ಟಿಯಲ್ಲಿತ್ತು. ಪಟ್ಟಿ ಇವತ್ತು, ಶುಕ್ರವಾರ, ಸಂಜೆ ನಾಲ್ಕಕ್ಕೆ ಬಿಡುಗಡೆ ಕಮಿಟಿಗೆ ಹೋಗುತ್ತದೆ. ಈಗ ಬೆಳಗಿನ ಹತ್ತೂವರೆ. ಅವನು ಕೊಂದಿಲ್ಲ ಎಂದು ತೋರಿಸಲೆಂದೇ ದಾಕ್ಷಾಯಣಿ ಮತ್ತಿಕೆರೆಯಿಂದ ಬಂದಿದ್ದಳು.

ಸಬ್‌ಇನ್ಸ್‌ಪೆಕ್ಟರ್ ಮನೋಹರ್ ಜೀಪಿನಿಂದ ಇಳಿದು ಬಂದ. ಬಾಯಲ್ಲಿ ಏಲಕ್ಕಿ ಇತ್ತು. ಕೆಟ್ಟವನಲ್ಲ. ಕಾಲ ಬುಡದಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುತ್ತಾನೆ. ಅದಕ್ಕಿಂತ ದೂರ ನಡೆಯುವ ಅಭ್ಯಾಸ ಮಾಡಿಕೊಂಡಿಲ್ಲ, ಅಷ್ಟೆ.

"ಏನ್ ಮೇಡಂ, ಗೊರಗುಂಟೆಪಾಳ್ಯದಲ್ಲಿ ಟ್ರಾಫಿಕ್ ಹೆಂಗಿತ್ತು?"

"ನಿಮ್ಮ ತನಿಖೆ ಥರಾನೇ ಇತ್ತು. ಮುಕ್ಕಾಲು ಗಂಟೆ ನಿಂತ ಜಾಗ ಬಿಟ್ಟು ಅಲ್ಲಾಡ್ಲಿಲ್ಲ."

ಮನೋಹರ್ ನಕ್ಕ. "ಕುಡುಗೋಲು ಅವನದ್ದು. ಅವತ್ತು ಮಧ್ಯಾಹ್ನ ಮುದುಕನ ಜೊತೆ ಜಗಳ ಆಡಿದ್ದಾನೆ, ನೋಡಿದವರಿದ್ದಾರೆ. ನಾನೇನ್ ಮಾಡ್ಲಿ ಹೇಳಿ."

"ಅವರಿಬ್ರೂ ದಿನಾ ಜಗಳ ಆಡೋರು. ಆ ಕುಡುಗೋಲು ಹಗಲೆಲ್ಲ ಆ ಕಟ್ಟೆ ಮೇಲೇ ಬಿದ್ದಿರುತ್ತೆ. ಏಟು ಬಿದ್ದಿರೋದು ಮೊಂಡು ವಸ್ತುವಿಂದ ಅಂತ ನಿಮ್ಮ ಡಾಕ್ಟ್ರೇ ಬರೆದಿದ್ದಾರೆ. ಸರ್ಕಾರಿ ಕುಡುಗೋಲು ಮೊಂಡು ನಿಜ, ಆದ್ರೂ ಅಷ್ಟೊಂದು ಮೊಂಡಲ್ಲ ಕಣ್ರೀ."

ಮನೋಹರ್ ಏಲಕ್ಕಿ ಸಿಪ್ಪೆ ಉಗುಳಿದ. "ಸರಿ, ನಿಮ್ಮ ಮೇಲಿನ ಗೌರವಕ್ಕೆ ಒಂದು ಮಾತು. ಎರಡು ವಿಷಯ ತೋರಿಸಿ. ಮುದುಕ ಸತ್ರೆ ಬೇರೆ ಯಾರಿಗೋ ಲಾಭ ಇತ್ತು ಅನ್ನೋದೊಂದು. ಆವತ್ತು ಸಂಜೆ ಆರಕ್ಕೆ ಬ್ಯಾಟರಾಯಪ್ಪ ಕೈದಿಗಳ ಅಂಗಳದ ಬೇಲಿ ಒಳಗೇ, ಎಣಿಕೇಲಿ ಇದ್ದ ಅನ್ನೋದೊಂದು. ಎರಡೂ ಆದ್ರೆ, ಇವನ ಮೇಲೆ ಕೊಲೆ ಅನುಮಾನ ಇದೆ ಅಂತ ನಾನು ಕಮಿಟಿಗೆ ಪತ್ರ ಕಳಿಸಲ್ಲ. ಅವನ ಹೆಸರು ಪಟ್ಟೀಲಿರುತ್ತೆ. ಒಂದು ತಪ್ಪಿದ್ರೂ ಕಳಿಸ್ತೀನಿ."

"ಎರಡನೇದು ಆಗೋಗಿದೆ. ಸಂಜೆ ಲೆಕ್ಕ ಮೂವತ್ತೊಂದು. ಇರೋ ಕೈದಿಗಳೂ ಮೂವತ್ತೊಂದು. ಸೂಪರಿಂಟೆಂಡೆಂಟ್ ಶಿವರಾಮ್ ಫೋನಲ್ಲಿ ಹೇಳಿದ್ದಾರೆ. ಬ್ಯಾಟರಾಯಪ್ಪನೂ ಹೇಳಿದ್ದಾನೆ, ಒಳಗೇ ಇದ್ದೆ ಅಂತ."

"ಹಾಗಾದ್ರೆ ಇನ್ನೊಂದು ತೋರಿಸಿ. ತೋಪಿಗೆ ಬನ್ನಿ. ಜಮೀನಿನ ವಿಚಾರಣೆಗೆ ತಹಶೀಲ್ದಾರರು ಬರೋ ಹೊತ್ತಾಯ್ತು."

ಮಳಿಗೆಯ ಮುಂದಿನ ಕಲ್ಲು ಬೆಂಚಿನ ಮೇಲೆ ಪಿಳ್ಳಪ್ಪನ ಹೆಂಡತಿ ಸುಬ್ಬಮ್ಮ ಕೂತಿದ್ದಳು. ಮನೆ ಮಳಿಗೆಯ ಹಿಂದೆಯೇ, ಎರಡು ಅಂಕಣದ ಹೆಂಚಿನ ಮನೆ. ಮೂರು ದಿನದಿಂದ ಊಟ ಬಿಟ್ಟವಳ ಹಾಗೆ ಕಾಣುತ್ತಿದ್ದಳು. ದಾಕ್ಷಾಯಣಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಸುಬ್ಬಮ್ಮ, ಇನ್ನೊಂದ್ಸಲ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆವತ್ತು ಸಂಜೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಒಂದು ನರಪಿಳ್ಳೇನೂ ಬಂದಿಲ್ಲ ಕಣವ್ವ. ಈವಪ್ಪ ಬತ್ತಾನೆ ಅಂತ ಮೂರು ಮುದ್ದೆ ಮಾಡಿ ಕಾಯ್ಕೊಂಡು ಕುಂತಿದ್ದೆ. ಬರ್ಲಿಲ್ಲ. ನಾನೊಂದು ತಿಂದೆ. ಬೆಳಗ್ಗೆದ್ದು ಉಳಿದಿದ್ದೊಂದನ್ನ ನಾಯಿಗೆ ಆಕ್ದೆ."

ದಾಕ್ಷಾಯಣಿ ಅವಳ ಬೆನ್ನು ಸವರಿ ಎದ್ದಳು.

ತೋಪಿನ ದಾರಿಯಲ್ಲಿ ಇಲಾಖೆಯ ಬಣ್ಣದ ಬೋರ್ಡು ನಿಂತಿತ್ತು. ಹೂಕೋಸು ಹಿಡಿದ ಕೈದಿಗಳು ಮದುವೆಗೆ ಬಂದವರ ಹಾಗೆ ನಗುತ್ತಿದ್ದರು. 'ಮಣ್ಣಿನಿಂದ ಮನಪರಿವರ್ತನೆ' ಎಂದು ಕೆಳಗೆ ಬರೆದಿತ್ತು. ಬರೆಸಿದವರು ಮಣ್ಣು ಮುಟ್ಟಿದವರಲ್ಲ.

ಬೋರ್ಡಿನಲ್ಲಿ ಇಲ್ಲದ ಚರಿತ್ರೆ ಹೀಗಿದೆ. ಮಹಾರಾಜರ ಕಾಲದಲ್ಲಿ ಪಟ್ಟಣದ ಜೈಲಿನಲ್ಲಿ ಬಾಯಿಗಳು ಹೆಚ್ಚಾದವು. ಆಗಿನ ಜೈಲು ಸಾಹೇಬನೊಬ್ಬನಿಗೆ, ಎತ್ತಿಗಿಂತ ಕೈದಿ ಅಗ್ಗ ಎಂಬುದು ಹೊಳೆಯಿತು. ಎತ್ತು ಸತ್ತರೆ ದುಡ್ಡು ಕೊಟ್ಟು ಇನ್ನೊಂದನ್ನು ತರಬೇಕು. ಕೈದಿ ಸತ್ತರೆ ಕೋರ್ಟು ಇನ್ನೊಬ್ಬನನ್ನು ಬಿಟ್ಟಿ ಕಳಿಸುತ್ತದೆ. ನೂರ ನಲವತ್ತು ಎಕರೆ ಜಾಲಿ ಕಾಡನ್ನು ಕೈದಿಗಳು ಕಡಿದರು. ರಾಗಿ ಬಿತ್ತಿದರು, ಬಾವಿ ತೋಡಿದರು, ಹಸು ಕಟ್ಟಿದರು. ಪಟ್ಟಣದ ಜೈಲಿನ ಗಂಜಿಗೆ ಇಲ್ಲಿಯ ಕಾಳು, ಸಾಹೇಬರ ಮೇಜಿಗೆ ಇಲ್ಲಿಯ ಹೂಕೋಸು.

ಆಮೇಲೆ ಬೆಂಗಳೂರು ಬೇಲಿಯ ತನಕ ಬಂತು. ರಸ್ತೆಗೆ ಒಂದಿಷ್ಟು ಹೋಯಿತು, ಕರೆಂಟಿನ ಸ್ಟೇಷನ್ನಿಗೆ ಒಂದಿಷ್ಟು, ಯಾರದೋ ಕಲ್ಯಾಣ ಮಂಟಪಕ್ಕೆ ಒಂದಿಷ್ಟು. ಕೊನೆಗೆ ಉಳಿದದ್ದು ಅರವತ್ತೆರಡು ಎಕರೆ, ಮೂವತ್ತೊಂದು ಕೈದಿಗಳು. ಆ ಅರವತ್ತೆರಡರಲ್ಲಿ ಒಂಬತ್ತು ಎಕರೆ ಹಲಸಿನ ತೋಪು ತನ್ನಪ್ಪ ನೆಟ್ಟದ್ದು ಎಂದು ಪಕ್ಕದ ಊರಿನ ಅಶ್ವತ್ಥಪ್ಪ ಅರ್ಜಿ ಹಾಕಿದ್ದ.

ಅಶ್ವತ್ಥಪ್ಪ ಆಗಲೇ ತೋಪಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಗಂಜಿ ಹಾಕಿದ ಬಿಳಿ ಅಂಗಿ, ಮಣಿಕಟ್ಟಿನಲ್ಲಿ ನಾಯಿ ಕಟ್ಟುವಷ್ಟು ದಪ್ಪದ ಚಿನ್ನದ ಸರಪಳಿ. ಅವನ ಹಿಂದೆ ಊರಿನ ಏಳೆಂಟು ಹಿರಿಯರು ನಿಂತಿದ್ದರು. ಎಲ್ಲರ ಕೈಯಲ್ಲೂ ಅವನ ಹೊಸ ಲೇಔಟಿನ ಬಣ್ಣದ ಕಾಗದ. ಲೇಔಟಿನ ಹೆಸರು 'ಹಲಸಿನ ನೆರಳು'. ಈ ಕಡೆಯ ಪದ್ಧತಿಯೇ ಅದು. ಮೊದಲು ಕಡಿಯುತ್ತಾರೆ, ಆಮೇಲೆ ಕಡಿದದ್ದರ ಹೆಸರನ್ನು ಕಮಾನಿನ ಮೇಲೆ ಬರೆಸುತ್ತಾರೆ.

ತೋಟದ ಸೂಪರಿಂಟೆಂಡೆಂಟ್ ಶಿವರಾಮ್ ಅವನ ಪಕ್ಕದಲ್ಲಿ ನಿಂತಿದ್ದ. ಸರ್ಕಾರದ ಜಾಗದಲ್ಲಿ ಸರ್ಕಾರದ ಅಧಿಕಾರಿ ನಿಂತಿದ್ದಾನೆ, ಅರ್ಜಿದಾರ ಕೂತಿದ್ದಾನೆ. ಯಾರು ಯಾರ ಜಾಗಕ್ಕೆ ಬಂದಿದ್ದಾರೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಪೇದೆಯೊಬ್ಬ ಬ್ಯಾಟರಾಯಪ್ಪನನ್ನು ಕರೆತಂದು ಬಾವಿಯ ಹತ್ತಿರ ಕೂರಿಸಿದ. ಐವತ್ತೆಂಟರ ಮನುಷ್ಯ, ಕೈಗಳು ಮಾತ್ರ ಎಪ್ಪತ್ತರವು. ದಾಕ್ಷಾಯಣಿಯನ್ನು ಕಂಡು ಎದ್ದು ನಿಂತ.

"ಕೂತ್ಕೋ ಬ್ಯಾಟರಾಯಪ್ಪ. ಸಂಜೆ ಹೊತ್ತಿಗೆ ಎಲ್ಲ ಸರಿಹೋಗುತ್ತೆ."

ಅವನು ಏನೋ ಹೇಳಲು ಬಾಯಿ ತೆರೆದು, ಪೇದೆಯನ್ನು ನೋಡಿ ಮುಚ್ಚಿದ.

ತಹಶೀಲ್ದಾರರು ಬಂದರು. ತಲೆಗೆ ಟೋಪಿ, ಕಂಕುಳಲ್ಲಿ ಫೈಲು, ಬಿಸಿಲಿಗೆ ಸಿಡುಕಿದ ಮುಖ. "ಜಾಸ್ತಿ ಮಾತು ಬೇಡ. ತೋಪು ನೆಟ್ಟವರು ಯಾರು ಅನ್ನೋದೊಂದೇ ಪ್ರಶ್ನೆ. ಅರವತ್ತೆರಡನೇ ಇಸವೀಲಿ ನಮ್ಮ ತಂದೆ ನೆಟ್ರು ಅಂತ ಅರ್ಜಿದಾರರು ಹೇಳ್ತಾರೆ. ಜೈಲಿನ ಹಳೇ ಕಾಗದ ಏನಿದೆ?"

"ಗೆದ್ದಲು ತಿಂದಿದೆ ಸಾರ್," ಅಂದ ಶಿವರಾಮ್. ಗೆದ್ದಲಿಗೆ ಧನ್ಯವಾದ ಹೇಳುವ ಧ್ವನಿ.

"ಬುಧವಾರ ಸಾಕ್ಷಿ ಹೇಳಬೇಕಿದ್ದ ಪಿಳ್ಳಪ್ಪ ತೀರಿಕೊಂಡಿದ್ದಾರೆ. ಅವರ ಬದಲಿಗೆ ಈ ಅಮ್ಮ ಏನೋ ಹೇಳ್ತಾರಂತೆ. ಹೇಳಿ."

ಅಶ್ವತ್ಥಪ್ಪ ಕುರ್ಚಿಯಲ್ಲೇ ಕಾಲು ಚಾಚಿದ. "ಬದನೆಕಾಯಿ ಮಾರ್ತಿದ್ದೋರು ಅಲ್ವಾ ನೀವು? ಜಮೀನು ವಿಷ್ಯ ನಿಮಗೇನು ಗೊತ್ತಮ್ಮ?"

"ಬದನೆಕಾಯಲ್ಲಿ ಹುಳ ಇದೆಯೋ ಇಲ್ವೋ ಹೊರಗಿಂದಾನೇ ಗೊತ್ತಾಗುತ್ತೆ ಅಶ್ವತ್ಥಪ್ಪನವರೇ. ಅಷ್ಟು ಗೊತ್ತು." ದಾಕ್ಷಾಯಣಿ ಸೆರಗು ಸಿಕ್ಕಿಸಿಕೊಂಡಳು. "ನಿಮ್ಮ ತಂದೆಯವರು ಒಳ್ಳೇ ಬೇಸಾಯಗಾರರು ಅಂತ ಕೇಳಿದ್ದೆ."

"ಕೇಳಿದ್ದೆ ಅಂದ್ರೇನು? ಸುತ್ತೇಳು ಅಳ್ಳೀಗೆ ಬೇಸಾಯ ಏಳ್ಕೊಟ್ಟೋನು ನಮ್ಮಪ್ಪ! ಕೋಲಾರದ ಕಡೆಯಿಂದ ಬಂದು ಕೇಳ್ಕೊಂಡು ಓಗೋರು. ಕೇಳಿ ಬೇಕಾದ್ರೆ ಇವರನ್ನ."

ಹಿರಿಯರು ತಲೆಯಾಡಿಸಿದರು. ಒಬ್ಬ, "ಅವನಂಗೆ ಗಿಡ ಮಡಗೋನು ಈ ಸೀಮೇಲಿರ್ಲಿಲ್ಲ," ಅಂದ.

"ಹಲಸನ್ನ ಎಷ್ಟು ದೂರಕ್ಕೊಂದು ಇಡೋರು?"

"ಐದು ಮಾರು. ಒಂದು ಗೇಣು ಇಂದೆ ಮುಂದೆ ಆಗಂಗಿಲ್ಲ. ಅಲಸಿಗೆ ಜಾಗ ಬೇಕು, ಇಲ್ದಿದ್ರೆ ಒಂದನ್ನೊಂದು ತಿಂತವೆ ಅನ್ನೋನು. ನಮ್ಮನೆ ಇಂದ್ಗಡೆ ಇವತ್ಗೂ ಐತೆ, ಅಳ್ದು ನೋಡ್ಕೊಳ್ಳಿ."

"ಯಾರಾದ್ರೂ ಒತ್ತೊತ್ತಾಗಿ ಇಟ್ರೆ?"

"ಕತ್ತೆ ನನ್ಮಗನೇ ಅಂತ ಬಯ್ಯೋನು!"

ಎಲ್ಲರೂ ನಕ್ಕರು. ಅಶ್ವತ್ಥಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

"ಬರ್ಕೊಳ್ಳಿ ಸಾರ್," ಅಂದಳು ದಾಕ್ಷಾಯಣಿ ತಹಶೀಲ್ದಾರರಿಗೆ. "ಐದು ಮಾರು. ಆಮೇಲೆ ಆ ಬೈಗುಳಾನೂ ಬರ್ಕೊಳ್ಳಿ, ಬೇಕಾಗುತ್ತೆ. ಈಗ ಎಲ್ಲರೂ ಒಂದ್ಸಲ ತಿರುಗಿ ಮರಗಳನ್ನ ನೋಡಿ."

ದಿನಾ ನೋಡುವ ಮರಗಳನ್ನು ಯಾರೂ ನೋಡಿರುವುದಿಲ್ಲ. ಈಗ ನೋಡಿದರು.

ಬಾವಿಯ ಸುತ್ತಲೇ ನಲವತ್ನಾಲ್ಕು ಮರಗಳು. ಒಂದಾದರೂ ಒಂಟಿಯಾಗಿ ನಿಂತಿರಲಿಲ್ಲ. ಎಲ್ಲವೂ ಎರಡೆರಡು. ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ ಸರಿಯಾಗಿ ಐದು ಮಾರು. ಆದರೆ ಜೋಡಿಯ ಎರಡು ಬೊಡ್ಡೆಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರಿ ಹೋಗುವಷ್ಟೂ ಜಾಗವಿಲ್ಲ. ಬೆಳಕಿಗಾಗಿ ಒಂದು ಮರ ಆ ಕಡೆ ವಾಲಿದೆ, ಇನ್ನೊಂದು ಈ ಕಡೆ. ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಜಗಲಿಯಲ್ಲಿ ಕೂತ ಹಾಗೆ.

"ಶಿವರಾಮ್ ಅವರೇ, ನಿಮ್ಮ ಆಫೀಸಿನ ಗಾಜಿನ ಪೆಟ್ಟಿಗೇಲಿ ಒಂದು ಹಳೇ ಸರಪಳಿ ಇದೆಯಲ್ಲ, ಅದನ್ನ ತರಿಸಿ."

"ಅದು ಪ್ರದರ್ಶನಕ್ಕಿಟ್ಟಿರೋದು ಮೇಡಂ, ಹೊರಗೆ ತೆಗೆಯೋ ಹಾಗಿಲ್ಲ."

"ಇಷ್ಟು ವರ್ಷ ಸುಮ್ನೆ ಕೂತಿತ್ತು, ಇವತ್ತೊಂದಿನ ಕೆಲಸ ಮಾಡ್ಲಿ. ನೋಡಿದ್ರೆ ನಿಮಗೂ ರೂಢಿಯಾಗುತ್ತೆ."

ಸರಪಳಿ ಬಂತು. ಮೂರು ಮೊಳ ಉದ್ದದ ಕಬ್ಬಿಣ. ಎರಡು ತುದಿಗೂ ಕಾಲಿಗೆ ಹಾಕುವ ಬಳೆ. ಆ ಕಾಲದಲ್ಲಿ ತೋಟದ ಕೆಲಸಕ್ಕೆ ಬಿಡುವ ಕೈದಿಗಳನ್ನು ಇಬ್ಬಿಬ್ಬರನ್ನಾಗಿ ಇದರಿಂದ ಕಟ್ಟುತ್ತಿದ್ದರು. ಜೋಡಿ ಬೇಡಿ ಎಂದು ಅದರ ಹೆಸರು.

ದಾಕ್ಷಾಯಣಿ ಒಂದು ಬಳೆಯನ್ನು ಮರದ ಬೊಡ್ಡೆಯ ನಡುವಿಗೆ ಒತ್ತಿ ಹಿಡಿದಳು. "ಮನೋಹರ್, ಆ ತುದಿ ಹಿಡ್ಕೊಳ್ಳಿ."

ಇನ್ನೊಂದು ಬಳೆ ಪಕ್ಕದ ಮರದ ಬೊಡ್ಡೆಯ ನಡುವಿಗೆ ಸರಿಯಾಗಿ ಬಂತು.

ಎರಡನೇ ಜೋಡಿ. ಸರಿಯಾಗಿ ಬಂತು. ಐದನೇದು, ಎಂಟನೇದು, ಹನ್ನೊಂದನೇದು. ಮನೋಹರನ ಬೆನ್ನು ಬೆವರಿತು. ಸರಪಳಿ ಎಲ್ಲೂ ಸಡಿಲಾಗಲಿಲ್ಲ, ಎಲ್ಲೂ ಸಾಲದೆ ಬರಲಿಲ್ಲ.

"ಒಬ್ಬ ಕೈದಿಗೆ ದಿನಕ್ಕೆ ಇಷ್ಟು ಗುಂಡಿ ಅಂತ ಹುಕುಂ ಇತ್ತು," ಅಂದಳು ದಾಕ್ಷಾಯಣಿ. "ಇಬ್ಬರ ಕಾಲು ಒಂದೇ ಸರಪಳೀಲಿ. ಇವನ ಗುಂಡಿ ಇಲ್ಲಿ, ಅವನ ಗುಂಡಿ ಸರಪಳಿ ಎಟುಕೋ ಕಡೆ ಅಲ್ಲಿ. ಗುಂಡಿಗೊಂದು ಗಿಡ ಇಡು ಅಂತ ಸಾಹೇಬ ಹೇಳ್ದ, ಇಟ್ರು. ಹಲಸಿಗೆ ಜಾಗ ಬೇಕು ಅಂತ ಹೇಳೋಕೆ ಕೈದಿಗೆ ಬಾಯಿಲ್ಲ, ತಿಳ್ಕೊಳ್ಳೋಕೆ ಸಾಹೇಬನಿಗೆ ತಲೆಯಿಲ್ಲ. ಪಿಳ್ಳಪ್ಪನ ಅಪ್ಪ ಇಲ್ಲಿ ಕೈದಿಯಾಗಿದ್ದೋನು. ಆ ಮೂಲೆ ಮರ ಅವನ ಗುಂಡೀದು. ಮಳಿಗೇಲಿ ಕೂತು ಪಿಳ್ಳಪ್ಪ ನನಗೆ ಇದನ್ನ ಹತ್ತು ಸಲ ಹೇಳಿದ್ದಾನೆ. ಬುಧವಾರ ನಿಮಗೂ ಇದನ್ನೇ ಹೇಳೋನಿದ್ದ."

ಅವಳು ಸರಪಳಿಯನ್ನು ಅಶ್ವತ್ಥಪ್ಪನ ಕುರ್ಚಿಯ ಮುಂದೆ ಇಟ್ಟಳು.

"ಅಶ್ವತ್ಥಪ್ಪನವರೇ, ಎರಡೇ ದಾರಿ. ನಮ್ಮಪ್ಪನಿಗೆ ಬೇಸಾಯ ಬರ್ತಿರ್ಲಿಲ್ಲ, ಕಣ್ಣು ಮುಚ್ಕೊಂಡು ಗಿಡ ಇಟ್ಟ ಅಂತ ಇವರೆಲ್ಲರ ಮುಂದೆ ಹೇಳಿ. ಅರ್ಜಿ ಉಳಿಯುತ್ತೆ. ಇಲ್ಲಾ, ಇದು ನಮ್ಮಪ್ಪ ನೆಟ್ಟಿದ್ದಲ್ಲ ಅನ್ನಿ. ಮರ್ಯಾದೆ ಉಳಿಯುತ್ತೆ."

ಅಶ್ವತ್ಥಪ್ಪ ಹಿರಿಯರ ಕಡೆ ನೋಡಿದ. ಅವರು ಮರಗಳ ಕಡೆ ನೋಡುತ್ತಿದ್ದರು. ಹುಸಿ ಕಾಗದ ಸೃಷ್ಟಿಸುವುದು ಅವನಿಗೆ ಕಷ್ಟವಾಗಿರಲಿಲ್ಲ. ಸರ್ಕಾರದ ನೆಲ ನುಂಗುವುದೂ ಕಷ್ಟವಾಗಿರಲಿಲ್ಲ. ಅಪ್ಪ ದಡ್ಡ ಎಂಬ ಎರಡು ಪದ ಮಾತ್ರ ಗಂಟಲಿಂದ ಹೊರಡಲಿಲ್ಲ. ಅಂಥವನಿಗೂ ಒಂದು ನಾಚಿಕೆ ಉಳಿದಿತ್ತು. ಅದೂ ಹೊತ್ತು ತಪ್ಪಿ ಬಂತು.

"ನಮ್ಮಪ್ಪನ್ನ ಅನ್ನೋಕೆ ನೀನ್ಯಾವಳೇ?" ಎಂದು ಎದ್ದ.

"ನಾನಂದಿಲ್ಲ. ಬೈಗುಳ ನಿಮ್ಮದೇ, ಸಾರ್ ಬರ್ಕೊಂಡಿದ್ದಾರೆ."

ತಹಶೀಲ್ದಾರರು ಫೈಲು ಮುಚ್ಚಿದರು. "ತೋಪು ಜೈಲಿನದೇ. ಅರ್ಜಿ ನಿಲ್ಲೋದಿಲ್ಲ. ಇವತ್ತೇ ಬರೆದು ಹಾಕ್ತೀನಿ." ಮೊದಲ ಬಾರಿಗೆ ಮುಖದಲ್ಲಿ ಸಿಡುಕು ಕಡಿಮೆಯ ಹಾಗೆ ಕಂಡಿತು. ಟೋಪಿ ಸರಿಮಾಡಿಕೊಂಡು ಹೊರಟರು.

ದಾಕ್ಷಾಯಣಿ ಮನೋಹರನ ಕಡೆ ತಿರುಗಿದಳು. "ಮಂಗಳವಾರ ಸತ್ತ. ಬುಧವಾರ ಹೇಳೋನಿದ್ದ. ಲಾಭ ಯಾರಿಗೆ ಅಂತ ಇನ್ನೂ ತೋರಿಸ್ಬೇಕಾ?"

ಮನೋಹರ್ ಕೈಗೆ ಹತ್ತಿದ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೇಡ. ಒಂದು ಆಯ್ತು. ಲೆಕ್ಕಾನೂ ಸರಿ ಇದೆ ಅಂತೀರಿ. ಪತ್ರ ಕಳಿಸಲ್ಲ ಬಿಡಿ."

ಬಾವಿಯ ಹತ್ತಿರ ಬ್ಯಾಟರಾಯಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಂತೋಷಕ್ಕೆ ಎಂದುಕೊಂಡಳು ದಾಕ್ಷಾಯಣಿ.

ಅಶ್ವತ್ಥಪ್ಪ ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ ನಿಂತಿದ್ದ. ಹದಿನಾಲ್ಕು ಕೋಟಿಯನ್ನು ಒಂಬತ್ತರಿಂದ ಗುಣಿಸಿ ಕಳೆದುಕೊಂಡವನ ಮುಖ. ಆದರೆ ಆ ಮುಖ ನಿಧಾನವಾಗಿ ನಗುವಾಯಿತು.

"ಚೆನ್ನಾಗ್ ಏಳಿದ್ರಿ ಅಮ್ಮಯ್ಯ. ಜೋಡಿ. ಕೈದಿಗಳು ಈಗ್ಲೂ ಜೋಡಿ ಜೋಡೀನೇ ಕೂರ್ತಾರಾ?"

"ಸರಪಳಿ ಹೋಯ್ತು, ಪದ್ಧತಿ ಉಳೀತು," ಅಂದ ಶಿವರಾಮ್, ತನಗೆ ಗೊತ್ತಿರುವ ಪ್ರಶ್ನೆಯೊಂದು ಬಂದ ಖುಷಿಯಲ್ಲಿ. "ಸಂಜೆ ಆರಕ್ಕೆ ಅಂಗಳದಲ್ಲಿ ಎರಡೆರಡಾಗಿ ಕೂರಿಸಿ ಎಣಿಸ್ತಾರೆ. ಹದಿನೈದು ಜೋಡಿ. ಕೊನೇಲಿ ಒಬ್ಬ ಒಂಟಿ."

"ಆ ಒಂಟಿ ಯಾರು?"

"ಬ್ಯಾಟರಾಯಪ್ಪ. ಅವನ ಜೋಡಿಯವನು ದೀಪಾವಳಿಗೆ ಬಿಡುಗಡೆ ಆದ."

"ಹಂಗಾ." ಅಶ್ವತ್ಥಪ್ಪ ಮನೋಹರನ ಕಡೆ ತಿರುಗಿದ. "ಮಂಗಳವಾರದ ಪುಸ್ತಕ ತರ್ಸಿ ನೋಡಿ ಸಾಬ್ರೇ. ಒಟ್ಟು ಬ್ಯಾಡ, ಒಟ್ಟು ಯಾವನ್ ಬೇಕಾದ್ರೂ ಬರೀತಾನೆ. ಒಂಟಿ ಇದ್ನಾ ಇಲ್ವಾ, ಅದ್ನ ನೋಡಿ."

ಮನೋಹರ್ ಪುಸ್ತಕ ತರಿಸಲು ಶಿವರಾಮನಿಗೆ ಸನ್ನೆ ಮಾಡಿದ.

ಪುಸ್ತಕ ಬಂತು. ಕೆಂಪು ಬಟ್ಟೆಯ ಅಟ್ಟೆ, ಮೂರು ಕಲಂ. ಜೋಡಿ, ಒಂಟಿ, ಒಟ್ಟು. ಭಾನುವಾರ: ಹದಿನೈದು, ಒಂದು, ಮೂವತ್ತೊಂದು. ಸೋಮವಾರ: ಹದಿನೈದು, ಒಂದು, ಮೂವತ್ತೊಂದು.

ಮಂಗಳವಾರ: ಹದಿನೈದು, ಸೊನ್ನೆ, ಮೂವತ್ತೊಂದು.

ಎಣಿಸಿದ ವಾರ್ಡರ್ ಕಣ್ಣಿಗೆ ಕಂಡದ್ದನ್ನು ಎರಡು ಕಲಮಿನಲ್ಲಿ ಪ್ರಾಮಾಣಿಕವಾಗಿ ಬರೆದಿದ್ದ. ಮೂರನೇ ಕಲಮಿನಲ್ಲಿ ದಿನಾ ಬರೆಯುವುದನ್ನೇ ಬರೆದಿದ್ದ. ಬಸ್ಸಿಗೆ ಹೊತ್ತಾಗಿತ್ತೇನೋ. ಕೆಳಗೆ ಶಿವರಾಮನ ಸಹಿ, ಹಸಿರು ಶಾಯಿಯಲ್ಲಿ, ಬಾಲ ಎಳೆದು. ಒಂದನೇ ಕ್ಲಾಸಿನ ಮಗುವೂ ಕೂಡಿಸಬಲ್ಲ ಲೆಕ್ಕವನ್ನು ಇಡೀ ತೋಟದಲ್ಲಿ ಯಾರೂ ಕೂಡಿಸಿರಲಿಲ್ಲ.

"ಅದು ಬರವಣಿಗೆ ತಪ್ಪಿರಬಹುದು..." ಎಂದು ಶಿವರಾಮ್ ತೊದಲಿದ.

"ನೀವು ಸುಮ್ನಿರಿ," ಅಂದ ಮನೋಹರ್. ಅವನು ದಾಕ್ಷಾಯಣಿಯನ್ನೇ ನೋಡುತ್ತಿದ್ದ. "ಮೇಡಂ?"

ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಕೂಡಿಸಿದಳು. ಮೂವತ್ತು. ಈ ಪುಸ್ತಕ ಅವಳಿಗೆ ಹೊಸದಲ್ಲ. ಒಟ್ಟು ನೋಡಬೇಡಿ, ಒಂಟಿ ನೋಡಿ ಎಂದು ಹೊಸ ವಾರ್ಡರ್‌ಗಳಿಗೆ ಹೇಳಿಕೊಡುತ್ತಿದ್ದವಳೇ ಅವಳು. ಇವತ್ತು ತಾನೇ ಫೋನಿನಲ್ಲಿ ಕೇಳಿದ ಒಟ್ಟನ್ನು ನಂಬಿ ಬಂದಿದ್ದಳು. ಶಿವರಾಮನಿಗೂ ತನಗೂ ಏನು ಭೇದ ಎಂದು ತನ್ನನ್ನೇ ಹೀಗಳೆದುಕೊಂಡಳು.

ಅಶ್ವತ್ಥಪ್ಪ ಅಂಗಿಯ ಮೇಲಿನ ಎಲೆಯೊಂದನ್ನು ಬೆರಳಿನಿಂದ ಹಾರಿಸಿದ. "ಬತ್ತೀನಿ ಅಮ್ಮಯ್ಯ. ತೋಪು ನಿಮ್ದೇ ಆಯ್ತು. ಅಲಸಿನ ಅಣ್ಣು ತಿನ್ಕೊಂಡಿರಿ." ಅವನು ಗೇಟಿನ ಕಡೆ ನಡೆದ. ಅವಸರವಿರಲಿಲ್ಲ.

ದಾಕ್ಷಾಯಣಿ ಬಾವಿಯ ಹತ್ತಿರ ಹೋಗಿ ಬ್ಯಾಟರಾಯಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮನೋಹರ್ ಹಿಂದೆಯೇ ಬಂದು ನಿಂತ.

"ಲೆಕ್ಕಕ್ಕೆ ನೀನಿರ್ಲಿಲ್ಲ."

"ಇರ್ಲಿಲ್ಲ ಅಮ್ಮಾವ್ರೆ."

"ನನ್ಹತ್ರ ಇದ್ದೆ ಅಂದೆಯಲ್ಲೋ!"

"ಲೆಕ್ಕ ತಪ್ಪಿಸ್ದೆ ಅಂದ್ರೆ ಪಟ್ಟಿಯಿಂದ ಎಸರು ತೆಗೀತಾರಲ್ಲ. ಅದಕ್ಕೇ ಸುಳ್ಳು ಏಳ್ದೆ. ಅದಿನಾರು ವರ್ಸ ಆಯ್ತಲ್ಲಮ್ಮಾ..."

"ಅಳ್ಬೇಡ. ಎಲ್ಲಿದ್ದೆ ಹೇಳು."

"ಪಿಳ್ಳಪ್ಪಣ್ಣನ ಮನೇಲಿ. ಬಿಡುಗಡೆ ದಿನ ಉಟ್ಕೊಂಡ್ ಓಗೋಕೆ ಪಂಚೆ ತಂದಿವ್ನಿ, ಲೆಕ್ಕಕ್ಕಿಂತ ಮುಂಚೆ ಬಂದು ತಗೊಂಡೋಗು ಅಂದಿದ್ರು. ಓದೆ. ಪಿಳ್ಳಪ್ಪಣ್ಣ ಇರ್ಲಿಲ್ಲ. ಈಗ ಬತ್ತಾರೆ ಕೂತ್ಕೊ ಅಂತ ಸುಬ್ಬವ್ವ ಕೂರಿಸ್ತು. ಒಂದು ಮುದ್ದೆ ಇಕ್ತು. ತಿಂದೆ. ಏಳ್ತೀನಿ ಅಂದ್ರೆ, ಇನ್ನೊಂದ್ ಚಣ, ಇನ್ನೊಂದ್ ಚಣ ಅಂತು. ಆರೂ ಕಾಲಾಯ್ತು. ಬೇಲಿ ನುಗ್ಗಿ ಒಳಗೆ ಬಂದೆ."

"ಸುಳ್ಳು," ಅಂದ ಮನೋಹರ್. "ಆವತ್ತು ಮನೆಗೆ ಯಾರೂ ಬಂದಿಲ್ಲ ಅಂತ ಆ ಅಜ್ಜಿ ಮೂರು ಸಲ ಹೇಳಿದೆ."

ದಾಕ್ಷಾಯಣಿಯ ಕಿವಿಯಲ್ಲಿ ಸುಬ್ಬಮ್ಮನ ಬೆಳಗಿನ ಮಾತು ಮರಳಿ ಬಂದಿತ್ತು. ಮೂರು ಮುದ್ದೆ ಮಾಡಿದ್ದೆ. ನಾನೊಂದು ತಿಂದೆ. ಉಳಿದಿದ್ದೊಂದನ್ನ ನಾಯಿಗೆ ಆಕ್ದೆ. ಮೂರರಲ್ಲಿ ಒಂದು ಹೋಗಿ, ಇನ್ನೊಂದು ಹೋಗಿ, ಉಳಿದದ್ದು ಎಲ್ಲಿ? ಒಂದೇ ದಿನದಲ್ಲಿ ಎರಡು ಲೆಕ್ಕ ಅವಳ ಕೈಗೆ ಬಂದಿದ್ದವು. ಎರಡನ್ನೂ ಕೂಡಿಸದೆ ಬಿಟ್ಟಿದ್ದಳು.

ಬ್ಯಾಟರಾಯಪ್ಪ ಆ ಸಂಜೆಯ ಲೆಕ್ಕದಲ್ಲಿ ಇರಲಿಲ್ಲ ಎಂಬುದು ವಾರ್ಡರ್‌ಗೆ ಗೊತ್ತಾಗಿರಲಿಲ್ಲ, ಶಿವರಾಮನಿಗೆ ಗೊತ್ತಾಗಿರಲಿಲ್ಲ, ತನಗೂ ಗೊತ್ತಾಗಿರಲಿಲ್ಲ. ಗೊತ್ತಿದ್ದದ್ದು ಅವನಿಗೆ ಮುದ್ದೆ ಬಡಿಸಿ ಕೂರಿಸಿಕೊಂಡವಳೊಬ್ಬಳಿಗೆ ಮಾತ್ರ. ಹಾಗಾದರೆ ಅಶ್ವತ್ಥಪ್ಪನಿಗೆ ಹೇಳಿದವರು ಯಾರು?

ಅವಳು ಎದ್ದು ಗೇಟಿನ ಕಡೆ ಓಡಿದಳು. ಅರವತ್ತಮೂರರ ಮೊಣಕಾಲು ನೋಯಿತು.

ಕಲ್ಲು ಬೆಂಚು ಖಾಲಿಯಾಗಿತ್ತು. ಮಳಿಗೆಯ ಹಿಂದಿನ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು.

ಅಶ್ವತ್ಥಪ್ಪನ ಬಿಳಿ ಕಾರು ಧೂಳೆಬ್ಬಿಸಿ ಹೆಸರಘಟ್ಟ ರಸ್ತೆಗೆ ತಿರುಗುತ್ತಿತ್ತು. ಹಿಂದಿನ ಸೀಟಿನ ಕಿಟಕಿಯಲ್ಲಿ ಸುಬ್ಬಮ್ಮ ಕಾಣಿಸಿದಳು. ಯಾರೂ ಅವಳನ್ನು ಹಿಡಿದುಕೊಂಡಿರಲಿಲ್ಲ. ಮಡಿಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ಊರಿಗೆ ಹೊರಟವಳ ಹಾಗೆ ನೆಟ್ಟಗೆ ಕೂತಿದ್ದಳು.

ದಾಕ್ಷಾಯಣಿಯನ್ನು ನೋಡಿ ಮುಖ ತಿರುಗಿಸಿಕೊಂಡಳು.

ಹಿಂದಿನಿಂದ ಮನೋಹರನ ಧ್ವನಿ ಕೇಳಿಸುತ್ತಿತ್ತು. ಫೋನಿನಲ್ಲಿ ಅವನು ಕಮಿಟಿಗೆ ಹೋಗುವ ಪತ್ರದ ಒಕ್ಕಣೆ ಹೇಳುತ್ತಿದ್ದ.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹುಣಸೆಕಟ್ಟೆ ತೋಟಕ್ಕೆ ಒಂಬತ್ತು ಎಕರೆ ಉಳಿಯಿತು. ಬ್ಯಾಟರಾಯಪ್ಪನ ಹೆಸರು ಪಟ್ಟಿಯಿಂದ ಹೋಯಿತು.